ಹಳೆ ಡೀಸೆಲ್ ಗಾಡಿಯ ಟೈಮಿಂಗ್ ಬೆಲ್ಟ್ ನಾವೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಕ್ವಾಲಿಸ್‌ನಂಥ ಹಳೆ ಡೀಸೆಲ್ ಗಾಡಿಗಳು ಇನ್ನೂ ದುಡಿಯುತ್ತಿವೆ. ತೋಟಕ್ಕೆ ಆಳು ಕರೆತರುತ್ತವೆ, ಸಂತೆಗೆ ಮೂಟೆ ಹೊರುತ್ತವೆ, ಮನೆಮಂದಿಯನ್ನೆಲ್ಲ ಶೃಂಗೇರಿ, ಧರ್ಮಸ್ಥಳಕ್ಕೆ ಕರೆದೊಯ್ಯುತ್ತವೆ. ಈ ಗಾಡಿಗಳ ಮಾಲೀಕರು, ಡ್ರೈವರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಲ್ಲಿ ಇಲ್ಲಿ ಜೋಡಿಸಿದ್ದೇವೆ. ವಿವರಗಳಿಗೆ ಟೊಯೊಟಾದ 2.4 ಲೀಟರ್ ಡೀಸೆಲ್, ಅಂದರೆ ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಕ್ವಾಲಿಸ್‌ನ ಎಂಜಿನ್ ಆಧಾರ. ಬೇರೆ ಗಾಡಿಯವರು ತತ್ವ ಇದೇ ಎಂದು ತಿಳಿದು, ಮಾರ್ಕ್‌ಗಳ ಜಾಗ ಮತ್ತು ಬಿಗಿಸುವ ಅಳತೆಯನ್ನು ತಮ್ಮ ಎಂಜಿನ್ನಿನ ಮ್ಯಾನುಯಲ್‌ನಲ್ಲೇ ನೋಡಿಕೊಳ್ಳಬೇಕು.

## ಮೊದಲಿಗೆ

ಟೈಮಿಂಗ್ ಬೆಲ್ಟ್ ಅಂದ್ರೆ ಮುಂದೆ ಕಾಣುತ್ತಲ್ಲ, ಆ ಫ್ಯಾನ್ ಬೆಲ್ಟೇನಾ?

ಅಲ್ಲ. ಬಾನೆಟ್ ಎತ್ತಿದರೆ ಕಾಣುವುದು ಫ್ಯಾನ್, ಡೈನಮೋ, ಎಸಿ ತಿರುಗಿಸುವ ಬೆಲ್ಟ್‌ಗಳು. ಟೈಮಿಂಗ್ ಬೆಲ್ಟ್ ಎಂಜಿನ್ನಿನ ಮುಂಭಾಗದಲ್ಲಿ ಮುಚ್ಚಿದ ಕವರ್ ಒಳಗಿರುತ್ತದೆ. ಅದರ ಒಳಮೈಗೆ ಹಲ್ಲುಗಳಿರುತ್ತವೆ. ಕೆಳಗಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ಬರುವಷ್ಟರಲ್ಲಿ ಮೇಲಿನ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮತ್ತು ನಾಜಲ್‌ಗಳಿಗೆ ಡೀಸೆಲ್ ಕಳಿಸುವ ಪಕ್ಕದ ಡೀಸೆಲ್ ಪಂಪ್ ಸರಿಯಾಗಿ ಒಂದೊಂದೇ ಸುತ್ತು ಬರುವಂತೆ ಹಿಡಿದಿಡುವುದು ಇದೇ. ಯಾವ ವಾಲ್ವ್ ಯಾವಾಗ ತೆರೆಯಬೇಕು, ಯಾವ ನಾಜಲ್‌ಗೆ ಯಾವಾಗ ಡೀಸೆಲ್ ಹೋಗಬೇಕು ಎಂಬ ಲೆಕ್ಕವೆಲ್ಲ ಈ ಬೆಲ್ಟಿನ ಮೇಲೆ ನಿಂತಿದೆ.

ನನ್ನ ಗಾಡೀಲಿ ಬೆಲ್ಟ್ ಇದೆಯಾ, ಚೈನಾ?

ಕ್ವಾಲಿಸ್ ಡೀಸೆಲ್, ಹಳೆ ಇನ್ನೋವಾ 2.5, ಟಾಟಾ ಇಂಡಿಕಾದ ಹಳೆ 1.4 ಡೀಸೆಲ್: ಇವಕ್ಕೆ ಬೆಲ್ಟ್. ಇನ್ನೋವಾ ಕ್ರಿಸ್ಟಾ, ಸ್ವಿಫ್ಟ್ ಮತ್ತು ಡಿಸೈರ್‌ಗೆ ಬರುತ್ತಿದ್ದ 1.3 ಡೀಸೆಲ್, ಮರ್ಸಿಡಿಸ್ ಮೂಲದ ಎಂಜಿನ್ ಇರುವ ಹಳೆ ಟೆಂಪೋ ಟ್ರಾವೆಲರ್: ಇವಕ್ಕೆ ಚೈನ್. ನಿಮ್ಮದು ಈ ಪಟ್ಟಿಯಲ್ಲಿ ಇಲ್ಲದಿದ್ದರೆ ಎಂಜಿನ್ ನಂಬರ್ ಹೇಳಿ ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಮುಂದಿನ ಕವರ್ ಪ್ಲಾಸ್ಟಿಕ್ ಅಥವಾ ತೆಳು ತಗಡಿನದಾಗಿದ್ದು ಸುತ್ತ ಸಣ್ಣ ಬೋಲ್ಟ್‌ಗಳಿದ್ದರೆ ಬಹುತೇಕ ಬೆಲ್ಟೇ. ಚೈನ್ ಎಣ್ಣೆಯಲ್ಲಿ ಓಡುವುದರಿಂದ ಅದರ ಕವರ್ ದಪ್ಪ ಎರಕದ್ದಾಗಿ, ಎಣ್ಣೆ ಸೋರದಂತೆ ಕೂತಿರುತ್ತದೆ.

ಬೆಲ್ಟ್ ಹಾಕಿ ಇನ್ನೂ ಒಂದು ಲಕ್ಷ ಕಿಲೋಮೀಟರ್ ಆಗಿಲ್ಲ. ಈಗಲೇ ಯಾಕೆ ಬದಲಿಸ್ಬೇಕು?

ಒಂದು ಲಕ್ಷ ಎನ್ನುವುದು ಒಳ್ಳೆ ರಸ್ತೆಯ ಲೆಕ್ಕ. ಬೆಲ್ಟ್ ಸವೆಯುವುದು ಎಂಜಿನ್ ತಿರುಗಿದ್ದಕ್ಕೆ, ಚಕ್ರ ಉರುಳಿದ್ದಕ್ಕಲ್ಲ. ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ಓಡುವ ಗಾಡಿಗೆ ಒಂದು ಲಕ್ಷ ಕಿ.ಮೀ. ಅಂದರೆ ಎಂಜಿನ್ 2,000 ಗಂಟೆ ದುಡಿದಂತೆ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ತೋಟದ ದಾರಿಗಳಲ್ಲಿ ಮೊದಲ, ಎರಡನೇ ಗೇರಿನಲ್ಲಿ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳುವ ಗಾಡಿ ಅದೇ 2,000 ಗಂಟೆಯನ್ನು 40,000 ಕಿ.ಮೀ.ಗೇ ಮುಗಿಸುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಎಂಜಿನ್ ಆರಿಸದೆ ಆಳುಗಳಿಗೆ ಕಾಯುತ್ತಾ ನಿಲ್ಲುವ ಹೊತ್ತು ಮೀಟರ್‌ನಲ್ಲಿ ಬೀಳುವುದೇ ಇಲ್ಲ.

ಇದರ ಜೊತೆಗೆ ವಯಸ್ಸು. ರಬ್ಬರ್ ನಿಂತಲ್ಲೇ ಗಡುಸಾಗುತ್ತದೆ. ಗಾಡಿ ಓಡಲಿ ಬಿಡಲಿ, ಐದು ವರ್ಷ ದಾಟಿದ ಬೆಲ್ಟನ್ನು ನಂಬಬಾರದು ಎನ್ನುವುದು ನಮ್ಮ ಅಭಿಪ್ರಾಯ. ಕೈಬದಲಾದ ಗಾಡಿ ಕೊಂಡಿದ್ದು ಬೆಲ್ಟ್ ಯಾವಾಗ ಹಾಕಿದ್ದು ಎಂಬ ಬಿಲ್ ಸಿಗದಿದ್ದರೆ, ಮೊದಲ ಕೆಲಸವೇ ಬೆಲ್ಟ್ ಬದಲಿಸುವುದು. ಹಳ್ಳ ದಾಟುವ ಗಾಡಿಗೆ ಕವರಿನ ಕೆಳಸಂದಿಯಿಂದ ಕೆಸರು, ಮರಳು ಒಳಗೆ ಸೇರಿ ಹಲ್ಲು ಉಜ್ಜುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ಬೆಲ್ಟ್ ಅಂಚನ್ನು ಇಲಿ ಕಡಿದದ್ದೂ ಉಂಟು.

ಕವರ್ ಸ್ವಲ್ಪ ಸರಿಸಿ ನೋಡಿದ್ರೆ ಬೆಲ್ಟ್ ಚೆನ್ನಾಗೇ ಇದೆ. ನಂಬಬಹುದಾ?

ಕೆಟ್ಟದ್ದು ಕಂಡರೆ ನಂಬಿ, ಚೆನ್ನಾಗಿರುವುದು ಕಂಡರೆ ನಂಬಬೇಡಿ. ಬೆನ್ನಿನ ಮೇಲೆ ಬಿರುಕು, ಅಂಚಿನಲ್ಲಿ ಎಳೆ ಬಿಚ್ಚಿರುವುದು, ಹಲ್ಲಿನ ಬುಡದಲ್ಲಿ ಸೀಳು, ಎಣ್ಣೆ ಅಥವಾ ಡೀಸೆಲ್ ತಾಗಿ ಉಬ್ಬಿರುವುದು, ಇವುಗಳಲ್ಲಿ ಒಂದಿದ್ದರೂ ಗಾಡಿ ಓಡಿಸಬೇಡಿ. ಆದರೆ ಬೆಲ್ಟಿಗೆ ಶಕ್ತಿ ಕೊಡುವುದು ಒಳಗೆ ಹುದುಗಿರುವ ಗಾಜಿನ ನಾರಿನ ಹುರಿ. ಅದು ದಣಿದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಕಟ್ ಆದ್ರೆ ಏನಾಗುತ್ತೆ? ಬೇರೆ ಬೆಲ್ಟ್ ಹಾಕಿದ್ರೆ ಮುಗೀತಲ್ಲ?

ಡೀಸೆಲ್ ಎಂಜಿನ್ನಿನಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಈ ಹಳೆ ಎಂಜಿನ್‌ಗಳಲ್ಲಿ ಗಾಳಿಯನ್ನು ಸುಮಾರು 22ರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಅದಕ್ಕಾಗಿ ಪಿಸ್ಟನ್, ವಾಲ್ವ್‌ಗಳು ಕೂರುವ ಎಂಜಿನ್ ಹೆಡ್ಡಿನ ಹತ್ತಿರಕ್ಕೆ, ಕೂದಲೆಳೆ ಅಂತರಕ್ಕೆ ಬರುತ್ತದೆ. ಬೆಲ್ಟ್ ಹೋದಾಗ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್‌ಗಳು ತೆರೆದೇ ಉಳಿಯುತ್ತವೆ. ಗೇರಿನಲ್ಲಿರುವ ಗಾಡಿ ಕ್ರ್ಯಾಂಕನ್ನು ತಿರುಗಿಸುತ್ತಲೇ ಇರುವುದರಿಂದ ಪಿಸ್ಟನ್ ಬಂದು ಆ ವಾಲ್ವ್‌ಗಳಿಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಗೈಡ್ ಸೀಳುತ್ತದೆ, ಕ್ಯಾಮ್‌ಗೂ ಪಿಸ್ಟನ್ನಿಗೂ ಏಟು ಬೀಳಬಹುದು. ಆಮೇಲೆ ಹೆಡ್ ಇಳಿಸಿ ಲೇತಿಗೆ ಕೊಡುವ ಕೆಲಸ.

ಬೆಲ್ಟ್ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೇಬೇಡಿ. ಉಳಿದಿದ್ದ ವಾಲ್ವ್‌ಗಳೂ ಆ ಒಂದು ಪ್ರಯತ್ನದಲ್ಲಿ ಹೋಗುತ್ತವೆ.

ಚಾರ್ಮಾಡಿ ಇಳೀವಾಗ ಕಟ್ ಆದ್ರೆ ಬ್ರೇಕ್ ಹಿಡಿಯುತ್ತಾ?

ಹಿಡಿಯುತ್ತದೆ, ಆದರೆ ಭಾರವಾಗುತ್ತದೆ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಈ ಗಾಡಿಗಳಲ್ಲಿ ಡೈನಮೋ ಹಿಂಭಾಗದಲ್ಲಿದೆ. ಎಂಜಿನ್ ನಿಂತರೆ ಅದೂ ನಿಂತಿತು. ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಬಾರಿ ಒತ್ತುವಷ್ಟಕ್ಕೆ ಮಾತ್ರ ಬರುತ್ತದೆ. ಪೆಡಲನ್ನು ಒತ್ತಿ ಒತ್ತಿ ಬಿಡಬೇಡಿ, ಒಂದೇ ಸಲ ಬಲವಾಗಿ ಒತ್ತಿ ಹಿಡಿದುಕೊಳ್ಳಿ. ಜೊತೆಗೆ ಹ್ಯಾಂಡ್‌ಬ್ರೇಕ್ ನಿಧಾನವಾಗಿ ಎಳೆಯಿರಿ. ಪವರ್ ಸ್ಟೀರಿಂಗ್ ಇದ್ದರೆ ಅದೂ ಗಟ್ಟಿಯಾಗುತ್ತದೆ, ಎರಡೂ ಕೈ ಬೇಕು. ಕೀಲಿ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಗೇರಿನಲ್ಲೇ ಬಿಟ್ಟರೆ ಎಂಜಿನ್ನಿಗೆ ಇನ್ನಷ್ಟು ಪೆಟ್ಟು ಬೀಳುವುದು ನಿಜ. ಆದರೆ ಘಾಟಿಯಲ್ಲಿ ನೋಡಬೇಕಾದ್ದು ಒಳಗೆ ಕೂತಿರುವ ಜನರನ್ನು. ಗೇರ್ ತೆಗೆಯದೆ ನಿಲ್ಲಿಸಿ.

ಇದನ್ನ ಮನೆಯಲ್ಲೇ ಮಾಡೋಕ್ಕಾಗುತ್ತಾ?

ಕ್ವಾಲಿಸ್‌ನಂಥ ಗಾಡಿಯಲ್ಲಿ ಆಗುತ್ತದೆ. ಎಂಜಿನ್ ಉದ್ದಕ್ಕೆ ಕೂತಿದೆ, ಬೆಲ್ಟ್ ಗ್ರಿಲ್ ಕಡೆಗೇ ಮುಖ ಮಾಡಿದೆ, ರೇಡಿಯೇಟರ್ ತೆಗೆದರೆ ಕೈಯಾಡಿಸಲು ಬೇಕಾದಷ್ಟು ಜಾಗ. ಇಂಡಿಕಾದಲ್ಲಿ ಎಂಜಿನ್ ಅಡ್ಡಕ್ಕಿದೆ, ಒಂದು ಕಡೆಯ ಮೌಂಟಿಂಗ್ ಬಿಚ್ಚಿ ಎಂಜಿನ್ನಿಗೆ ಜಾಕಿ ಕೊಡಬೇಕಾಗುತ್ತದೆ. ಮೊದಲ ಪ್ರಯತ್ನಕ್ಕೆ ಅದು ಬೇಡ. ನೀರಿನ ಪಂಪ್ ಬದಲಿಸಿ, ಡೈನಮೋ ಬಿಚ್ಚಿ ಹಾಕಿ ಅಭ್ಯಾಸವಿದ್ದವರು ಧೈರ್ಯವಾಗಿ ಮಾಡಬಹುದು. ಮೊದಲ ಸಲಕ್ಕೆ ಇಡೀ ದಿನ ಬೇಕು, ಮರುದಿನವೂ ಬಿಡುವಿರಲಿ. ಸಂಜೆಗೆ ಬಾಡಿಗೆ ಇದೆ ಎನ್ನುವ ದಿನ ಕೈ ಹಾಕಬೇಡಿ. ಈ ಕೆಲಸ ಕೆಡುವುದು ಬಹುತೇಕ ಆತುರದಿಂದಲೇ.

## ಸಾಮಾನು ಮತ್ತು ಹತಾರ

ಬೆಲ್ಟ್ ಒಂದೇ ತಗೊಂಡ್ರೆ ಸಾಲ್ದಾ?

ಸಾಲದು. ಬೆಲ್ಟ್ ಒತ್ತಿ ಹಿಡಿಯುವ ಬೇರಿಂಗ್‌ಗಳು ಎಷ್ಟಿವೆಯೋ ಅಷ್ಟೂ ಹೊಸದಾಗಬೇಕು. ಬೆಲ್ಟ್ ಎಷ್ಟು ಸುತ್ತಿದೆಯೋ ಅವೂ ಅಷ್ಟೇ, ಇನ್ನೂ ವೇಗವಾಗಿ ಸುತ್ತಿವೆ. ಬೇರಿಂಗ್ ಸಿಕ್ಕಿಕೊಂಡರೆ ಹೊಸ ಬೆಲ್ಟನ್ನೇ ಕರಗಿಸಿ ಕತ್ತರಿಸುತ್ತದೆ. ಎಳೆಯುವ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಅಥವಾ ಸುರುಳಿಗಳ ನಡುವೆ ಬೆಳಕು ಕಾಣುವಷ್ಟು ಹಿಗ್ಗಿದ್ದರೆ ಅದೂ ಬೇಕು.

ಇವುಗಳ ಜೊತೆ ಕ್ರ್ಯಾಂಕ್ ಮುಂದಿನ ಆಯಿಲ್ ಸೀಲ್, ಕ್ಯಾಮ್ ಆಯಿಲ್ ಸೀಲ್, ಫ್ಯಾನ್ ಮತ್ತು ಎಸಿ ಬೆಲ್ಟ್‌ಗಳು, ಕೂಲೆಂಟ್ ತನ್ನಿ. ಕ್ವಾಲಿಸ್‌ನಲ್ಲಿ ನೀರಿನ ಪಂಪ್ ಓಡುವುದು ಫ್ಯಾನ್ ಬೆಲ್ಟಿನಿಂದ, ಟೈಮಿಂಗ್ ಬೆಲ್ಟಿನಿಂದಲ್ಲ. ಹಾಗಾಗಿ ಅದು ಕಡ್ಡಾಯವಲ್ಲ. ಆದರೂ ಫ್ಯಾನ್ ಬಿಚ್ಚಿದಾಗ ಪಂಪಿನ ದಂಡ ಹಿಡಿದು ಅಲುಗಾಡಿಸಿ ನೋಡಿ. ಅಲುಗಿದರೆ ಅಥವಾ ಕೆಳರಂಧ್ರದಲ್ಲಿ ಕೂಲೆಂಟ್ ಒಣಗಿದ ಕಲೆ ಇದ್ದರೆ ಈಗಲೇ ಬದಲಿಸಿ.

ಅಂಗಡೀಲಿ ಮೂರು ತರ ಬೆಲ್ಟ್ ತೋರಿಸ್ತಾರೆ. ಯಾವುದು ತಗೊಳ್ಳಲಿ?

ಗಾಡಿಯ ಹೆಸರಲ್ಲ, ಎಂಜಿನ್ ನಂಬರ್ ಹೇಳಿ ಕೊಳ್ಳಿ. ಹಳೆ ಬೆಲ್ಟ್ ಕೈಯಲ್ಲಿದ್ದರೆ ಹಲ್ಲುಗಳನ್ನು ಎಣಿಸಿ, ಅಗಲ ಅಳೆಯಿರಿ, ಹಲ್ಲಿನ ಆಕಾರ ದುಂಡಗೋ ಚಪ್ಪಟೆಯೋ ನೋಡಿ. ಈ ಮೂರೂ ಹೊಸದಕ್ಕೆ ಹೊಂದಲೇಬೇಕು. ಒಂದು ಹಲ್ಲು ಕಡಿಮೆ ಇದ್ದರೂ ಅದು ಬೇರೆ ಎಂಜಿನ್ನಿನ ಬೆಲ್ಟ್. ಡೂಪ್ಲಿಕೇಟ್ ಪೆಟ್ಟಿಗೆಗಳು ಅಸಲಿನ ಹಾಗೇ ಕಾಣುತ್ತವೆ. ಆದ್ದರಿಂದ ಪೆಟ್ಟಿಗೆಗಿಂತ ಬೆಲ್ಟಿನ ಬೆನ್ನ ಮೇಲಿನ ಅಚ್ಚು ಓದಿ: ಕಂಪನಿ, ಭಾಗದ ಸಂಖ್ಯೆ ಸ್ಪಷ್ಟವಾಗಿರಬೇಕು, ಉಗುರಿಗೆ ಕೆರೆದರೆ ಎದ್ದು ಬರಬಾರದು. ಬಿಲ್ ಕೊಡದ ಅಂಗಡಿಯಲ್ಲಿ ಈ ಒಂದು ಸಾಮಾನು ಕೊಳ್ಳಬೇಡಿ.

ತಂದ ಬೆಲ್ಟನ್ನು ಮಡಚುವುದು, ತಿರುಚುವುದು, ಒಳಹೊರಗು ಮಾಡುವುದು ಕೂಡದು. ಹೊರಗೆ ಗುರುತು ಕಾಣದಿದ್ದರೂ ಒಳಗಿನ ಗಾಜಿನ ಹುರಿ ಮುರಿಯುತ್ತದೆ.

ಏನೇನು ಸ್ಪ್ಯಾನರ್ ಬೇಕು?

10, 12, 14ರ ಸಾಕೆಟ್‌ಗಳು ಹೆಚ್ಚಿನ ಕೆಲಸ ಮುಗಿಸುತ್ತವೆ. ಕ್ರ್ಯಾಂಕ್ ಬೋಲ್ಟಿಗೆ (ಕ್ರ್ಯಾಂಕ್ ತುದಿಗೆ ಪುಲ್ಲಿ ಹಿಡಿದಿಡುವ ಬೋಲ್ಟ್) ಅದರ ತಲೆಗೆ ಸರಿಯಾದ ಆರು ಮೂಲೆಯ ಸಾಕೆಟ್, ಅರ್ಧ ಇಂಚಿನ ಉದ್ದ ಹಿಡಿ, ಹಿಡಿಗೆ ಸಿಕ್ಕಿಸಲು ಪೈಪ್. ಬೋಲ್ಟ್‌ಗಳಿಂದ ಹಿಡಿದು ಎಳೆಯುವ ಪುಲ್ಲರ್, ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್, ಹೀಟರ್ ಪ್ಲಗ್ (ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಒಳಗೆ ಬಿಸಿ ಕೊಡುವ ಪ್ಲಗ್) ಬಿಚ್ಚುವ ಉದ್ದ ಸಾಕೆಟ್, ಕರೆಕ್ಷನ್ ಪೆನ್ನು, ಟಾರ್ಚ್, ಸಣ್ಣ ಕನ್ನಡಿ. ಟಾರ್ಕ್ ರೆಂಚ್ ಕೊಳ್ಳಲಾಗದಿದ್ದರೆ ಒಂದು ದಿನಕ್ಕೆ ಎರವಲು ತನ್ನಿ. ಅದಿಲ್ಲದೆ ಕ್ರ್ಯಾಂಕ್ ಬೋಲ್ಟ್ ಬಿಗಿಸುವುದನ್ನು ನಾವು ಒಪ್ಪುವುದಿಲ್ಲ.

## ಕೆಲಸ

ಬೆಲ್ಟ್ ಕಾಣೋವರೆಗೆ ಏನೇನು ಬಿಚ್ಚಬೇಕು?

ಗಾಡಿ ಸಮತಟ್ಟಿನಲ್ಲಿರಲಿ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿ, ಎಂಜಿನ್ ತಣ್ಣಗಾಗಿರಲಿ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ರೇಡಿಯೇಟರ್ ಕೆಳಗೆ ಬಕೆಟ್ ಇಟ್ಟು ಕೂಲೆಂಟ್ ಇಳಿಸಿ. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಚರಂಡಿಗೋ ಹಳ್ಳಕ್ಕೋ ಚೆಲ್ಲದೆ ಮುಚ್ಚಳದ ಕ್ಯಾನಿಗೆ ಹಾಕಿಡಿ.

ಆಮೇಲೆ ಫ್ಯಾನ್ ಸುತ್ತಲಿನ ಗೂಡು, ರೇಡಿಯೇಟರ್, ಫ್ಯಾನ್, ಮುಂದಿನ ಬೆಲ್ಟ್‌ಗಳು, ಹೀಟರ್ ಪ್ಲಗ್‌ಗಳು, ಈ ಕ್ರಮದಲ್ಲಿ. ಹೀಟರ್ ಪ್ಲಗ್ ತೆಗೆಯುವುದರಿಂದ ಒತ್ತಡ ಹೊರಹೋಗಿ ಎಂಜಿನ್ ಒಂದು ಕೈಯಲ್ಲಿ ತಿರುಗುತ್ತದೆ. ಮುಂದೆ ಇದರ ಬೆಲೆ ಗೊತ್ತಾಗುತ್ತದೆ. ತೆಗೆದ ತೂತುಗಳಿಗೆ ಸ್ವಚ್ಛ ಬಟ್ಟೆ ಮುಚ್ಚಿ. ಕವರಿನ ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ ಬೋಲ್ಟ್ ಗಿಡ್ಡದರ ಜಾಗಕ್ಕೆ ಹೋದರೆ ತಳ ಮುಟ್ಟಿ ದಾರ ಕಿತ್ತುಕೊಂಡು ಬರುತ್ತದೆ.

ಕ್ರ್ಯಾಂಕ್ ಬೋಲ್ಟ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಏನ್ ಮಾಡೋದು?

ಬೆಲ್ಟ್ ಇನ್ನೂ ಮೇಲಿರುವಾಗಲೇ ಇದನ್ನು ಸಡಿಲಿಸಬೇಕು. ಬೆಲ್ಟ್ ತೆಗೆದ ಮೇಲೆ ಹೆಣಗಾಡಿದರೆ ಕ್ರ್ಯಾಂಕ್ ಒಂದೇ ತಿರುಗಿ ಪಿಸ್ಟನ್ ವಾಲ್ವಿಗೆ ತಾಗುತ್ತದೆ. ಗಾಡಿ ಐದನೇ ಗೇರಿನಲ್ಲಿರಲಿ, ಒಬ್ಬರು ಒಳಗೆ ಕೂತು ಬ್ರೇಕ್ ಬಲವಾಗಿ ಒತ್ತಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ಸಾಕೆಟ್ ಪೂರ್ತಿ ಕೂತಿದೆಯೇ ನೋಡಿ, ಹಿಡಿಗೆ ಒಂದು ಮೀಟರ್ ಪೈಪ್ ಸಿಕ್ಕಿಸಿ ಒಂದೇ ಹದದಲ್ಲಿ ಒತ್ತಡ ಕೊಡಿ. ಜಗ್ಗಿ ಜಗ್ಗಿ ಎಳೆದರೆ ತಲೆ ಉರುಟಾಗುತ್ತದೆ.

ಹಿಡಿಯನ್ನು ಚಾಸಿಗೆ ಒರಗಿಸಿ ಸೆಲ್ಫ್ ಹೊಡೆಯುವ ರೂಢಿ ಕೆಲವು ಕಡೆ ಇದೆ. ಹಿಡಿ ಜಾರಿದರೆ ಮೂಳೆ ಮುರಿಯುತ್ತದೆ, ಎಂಜಿನ್ ಸ್ಟಾರ್ಟೂ ಆಗಬಹುದು. ಅದರ ಬದಲು ಏರ್ ಗನ್ ಇರುವ ಟೈರ್ ಅಂಗಡಿಗೆ ಮೊದಲೇ ಒಯ್ದು ಬೋಲ್ಟ್ ಒಮ್ಮೆ ಸಡಿಲಿಸಿ, ಮತ್ತೆ ಗಟ್ಟಿಯಾಗಿ ಬಿಗಿಸಿಕೊಂಡು ಮನೆಗೆ ಬರುವುದು ಎಷ್ಟೋ ವಾಸಿ.

ಬೋಲ್ಟ್ ಬಂದ ಮೇಲೂ ಪುಲ್ಲಿ ಬಿಗಿಯಾಗಿ ಕೂತಿರುತ್ತದೆ. ಸುತ್ತಿಗೆಯಿಂದ ಅಂಚಿಗೆ ಬಡಿಯಬೇಡಿ, ಸೊಟ್ಟಗಾಗುತ್ತದೆ. ಪುಲ್ಲರ್ ಹಾಕಿ ಎಳೆಯಿರಿ.

ಮಾರ್ಕ್ ಸೇರಿಸೋದು ಹೇಗೆ?

ಇಡೀ ಕೆಲಸದ ಜೀವ ಇಲ್ಲಿದೆ. ಮೂರು ಮಾರ್ಕ್‌ಗಳು: ಕ್ರ್ಯಾಂಕಿನದು, ಕ್ಯಾಮಿನದು, ಡೀಸೆಲ್ ಪಂಪಿನದು. ಮೂರೂ ಒಂದೇ ಹೊತ್ತಿಗೆ ತಮ್ಮ ತಮ್ಮ ಎದುರಿನ ಗೆರೆಗೆ ಬರಬೇಕು. ಆಗ ಒಂದನೇ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿಯಲ್ಲಿದ್ದು, ಅದರ ಎರಡೂ ವಾಲ್ವ್ ಮುಚ್ಚಿರುತ್ತವೆ.

ಎಂಜಿನ್ನಿನ ಮುಂದೆ ನಿಂತು ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಮಾತ್ರ ತಿರುಗಿಸಿ. ಮಾರ್ಕ್ ದಾಟಿಹೋದರೆ ಹಿಂದಕ್ಕೆ ಎಳೆಯದೆ ಇನ್ನೆರಡು ಸುತ್ತು ತಂದು ನಿಲ್ಲಿಸಿ. ಕ್ರ್ಯಾಂಕ್ ಮಾರ್ಕ್ ಸೇರಿದೆ, ಆದರೆ ಕ್ಯಾಮ್ ಮಾರ್ಕ್ ತಲೆಕೆಳಗಾಗಿ ನಿಂತಿದೆ ಎಂದರೆ ಕ್ರ್ಯಾಂಕ್ ಇನ್ನೊಂದು ಪೂರ್ತಿ ಸುತ್ತು ಬರಬೇಕು. ಹೊರಗಿನ ಪುಲ್ಲಿ ತೆಗೆದ ಮೇಲೆ ಅದರ ಮೇಲಿದ್ದ ಗುರುತು ಸಿಗುವುದಿಲ್ಲ. ಒಳಗಿನ ಹಲ್ಲಿನ ಪುಲ್ಲಿಯ ಸ್ವಂತ ಮಾರ್ಕನ್ನು ಹುಡುಕಿಕೊಳ್ಳಿ.

ಬ್ರಷ್‌ನಿಂದ ಉಜ್ಜಿ ಪ್ರತಿ ಮಾರ್ಕಿಗೂ ಕರೆಕ್ಷನ್ ಪೆನ್ನಿನಿಂದ ತೆಳ್ಳಗೆ ಗೆರೆ ಹಾಕಿ. ಬೇರೆ ಎಂಜಿನ್ನಿಗೂ ಬಳಸುವ ಪುಲ್ಲಿಗಳಲ್ಲಿ ಎರಡು ಮೂರು ಗುರುತು ಇರಬಹುದು. ಯಾವುದು ನಿಮ್ಮದು ಎಂದು ಮ್ಯಾನುಯಲ್ ನೋಡಿ ಖಚಿತಪಡಿಸಿಕೊಳ್ಳಿ. ಮೊಬೈಲಿನಲ್ಲಿ ನೇರ ಎದುರಿನಿಂದ ಫೋಟೊ ತೆಗೆದಿಡಿ. ಓರೆಯಿಂದ ತೆಗೆದ ಫೋಟೊದಲ್ಲಿ ಅರ್ಧ ಹಲ್ಲು ಆಚೀಚೆ ಕಾಣುತ್ತದೆ.

ಬೆಲ್ಟ್ ತೆಗೆದ ಕೂಡಲೇ ಪಂಪ್ ಪುಲ್ಲಿ ಟಕ್ ಅಂತ ತಿರುಗಿಬಿಡ್ತು. ಕೆಟ್ಟೋಯ್ತಾ?

ಇಲ್ಲ. ಪಂಪಿನ ಒಳಗೆ ಸ್ಪ್ರಿಂಗ್ ಒತ್ತಡ ಇರುವುದರಿಂದ ಮಾರ್ಕಿನ ಜಾಗದಲ್ಲಿ ಅದು ತಾನಾಗಿ ನಿಲ್ಲುವುದಿಲ್ಲ, ಕೆಲವು ಹಲ್ಲು ಹಾರಿ ಕೂರುತ್ತದೆ. ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ನಿಧಾನವಾಗಿ ಮಾರ್ಕಿಗೆ ತಂದು, ಬೆಲ್ಟ್ ಕೂರುವವರೆಗೆ ಇನ್ನೊಬ್ಬರು ಹಿಡಿದಿರಲಿ. ನಟ್ಟು ಸಡಿಲವಾಗುವ ದಿಕ್ಕಿಗೆ ಜೋರು ಮಾಡಬೇಡಿ.

ಕ್ಯಾಮ್ ಹಾರಿದರೆ ಎಚ್ಚರ ಹೆಚ್ಚು ಬೇಕು. ಒಂದನೇ ಮತ್ತು ನಾಲ್ಕನೇ ಪಿಸ್ಟನ್ ಮೇಲ್ತುದಿಯಲ್ಲಿವೆ, ಕ್ಯಾಮ್ ತುಂಬ ತಿರುಗಿದರೆ ವಾಲ್ವ್ ಅವಕ್ಕೆ ತಾಗುತ್ತದೆ. ಹಲ್ಲೊಂದೆರಡಾದರೆ ಮೆಲ್ಲಗೆ ಹಿಂದಕ್ಕೆ ತನ್ನಿ. ತಡೆ ಸಿಕ್ಕರೆ ಅಲ್ಲೇ ಬಿಟ್ಟು, ಕ್ರ್ಯಾಂಕನ್ನು ಕಾಲು ಸುತ್ತು ಸರಿಸಿ. ಆಗ ನಾಲ್ಕೂ ಪಿಸ್ಟನ್ ಬೋರಿನ ನಡುವೆ ನಿಲ್ಲುತ್ತವೆ. ಕ್ಯಾಮನ್ನು ಮಾರ್ಕಿಗೆ ತಂದ ಮೇಲೆ ಕ್ರ್ಯಾಂಕನ್ನು ಬಂದ ದಾರಿಯಲ್ಲೇ ವಾಪಸ್ ತನ್ನಿ. ಹಿಂದಕ್ಕೆ ತಿರುಗಿಸಬಾರದು ಎಂಬ ನಿಯಮ ಬೆಲ್ಟ್ ಮೇಲಿದ್ದಾಗ ಮಾತ್ರ.

ಹೊಸ ಬೆಲ್ಟ್ ಕೂರಿಸೋದು ಹೇಗೆ, ಎಷ್ಟು ಬಿಗಿ ಇರಬೇಕು?

ಹಳೆ ಬೆಲ್ಟ್ ತೆಗೆಯುವ ಮೊದಲು ಒತ್ತುವ ಬೇರಿಂಗಿನ ಬೋಲ್ಟ್ ಸಡಿಲಿಸಿ, ಬೇರಿಂಗನ್ನು ಸ್ಪ್ರಿಂಗಿನ ವಿರುದ್ಧ ತಳ್ಳಿ ತಾತ್ಕಾಲಿಕವಾಗಿ ಬಿಗಿಸಿರುತ್ತೀರಿ. ಹೊಸ ಬೇರಿಂಗ್ ಹಾಕಿದ ಮೇಲೂ ಹಾಗೇ ಮಾಡಿ. ಸೀಲ್‌ಗಳನ್ನು ಬದಲಿಸಿ, ಪುಲ್ಲಿಗಳ ಹಲ್ಲುಗಳಲ್ಲಿ ಎಣ್ಣೆಯ ಪಸೆ ಇಲ್ಲದಂತೆ ಒಣ ಬಟ್ಟೆಯಲ್ಲಿ ಒರೆಸಿ. ಕೈಯೂ ತೊಳೆದಿರಲಿ.

ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗಿರಬೇಕು. ಕ್ರ್ಯಾಂಕಿನಿಂದ ಶುರುಮಾಡಿ. ಬೇರಿಂಗ್ ಇಲ್ಲದ ಕಡೆ ಪುಲ್ಲಿಯಿಂದ ಪುಲ್ಲಿಗೆ ಬೆಲ್ಟ್ ನೇರವಾಗಿ, ಜೋಲು ಇಲ್ಲದಂತೆ ಎಳೆದು ಹಲ್ಲಿಗೆ ಹಲ್ಲು ಕೂರಿಸಿ. ಉಳಿದ ಸಡಿಲವೆಲ್ಲ ಕೊನೆಗೆ ಒತ್ತುವ ಬೇರಿಂಗಿನ ಕಡೆ ಸೇರಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸಬೇಡಿ.

ಈಗ ಬೇರಿಂಗಿನ ಬೋಲ್ಟನ್ನು ಅರ್ಧ ಸುತ್ತಿನಷ್ಟು ಸಡಿಲಿಸಿ. ಸ್ಪ್ರಿಂಗ್ ತಾನೇ ಎಳೆದು ಬಿಗಿ ಕೊಡುತ್ತದೆ. ಕೈಯಿಂದ ಇನ್ನಷ್ಟು ಒತ್ತಬೇಡಿ, ಬೇಕಾದ ಬಿಗಿಯನ್ನು ಲೆಕ್ಕ ಹಾಕಿಯೇ ಆ ಸ್ಪ್ರಿಂಗ್ ಮಾಡಿರುತ್ತಾರೆ. ಬೋಲ್ಟ್ ಪೂರ್ತಿ ಬಿಗಿಸುವುದು ಎರಡು ಸುತ್ತು ತಿರುಗಿಸಿದ ಮೇಲೆಯೇ. ಬೆಲ್ಟ್ ಪಕ್ಕಕ್ಕೆ ಬರುವ ಬಟ್ಟಲಿನಾಕಾರದ ತಗಡನ್ನು ಅದರ ಉಬ್ಬು ಬೆಲ್ಟಿನ ಕಡೆಗೆ, ಬಾಗಿದ ಅಂಚು ಹೊರಕ್ಕೆ ಬರುವಂತೆ ಹಾಕಿ. ತಿರುಗುಮುರುಗಾದರೆ ಅಂಚು ಬೆಲ್ಟನ್ನು ಸೀಳುತ್ತದೆ. ಕವರಿನ ಸಣ್ಣ 6 ಎಂಎಂ ಬೋಲ್ಟ್‌ಗಳಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು.

ಎರಡು ಸುತ್ತು ಕೈಯಲ್ಲಿ ತಿರುಗಿಸಿ ಅಂತಾರೆ. ಸೀದಾ ಸೆಲ್ಫ್ ಹೊಡೆದ್ರೆ ಏನಾಗುತ್ತೆ?

ಮಾರ್ಕ್ ತಪ್ಪಿದ್ದರೆ ಕೈಗೆ ತಡೆ ಸಿಗುತ್ತದೆ, ನೀವು ನಿಲ್ಲಿಸುತ್ತೀರಿ. ಸೆಲ್ಫ್ ನಿಲ್ಲಿಸುವುದಿಲ್ಲ, ವಾಲ್ವ್ ಬಗ್ಗಿಸಿ ಮುಂದೆ ಹೋಗುತ್ತದೆ. ಆದ್ದರಿಂದ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಹೀಟರ್ ಪ್ಲಗ್ ತೆಗೆದಿದ್ದರೆ ಎಲ್ಲಿಯೂ ಗಟ್ಟಿ ತಡೆ ಇರಬಾರದು. ತೆಗೆಯದೆ ತಿರುಗಿಸುವವರಿಗೆ ಗಾಳಿಯ ಒತ್ತಡ ಸಿಗುತ್ತದೆ. ಅದು ಮೆತ್ತಗೆ ಎದುರೊತ್ತುತ್ತದೆ, ಹಿಡಿದು ಕಾದರೆ ಹಿಸ್ಸೆಂದು ಇಳಿಯುತ್ತದೆ. ಲೋಹಕ್ಕೆ ಲೋಹ ತಾಗಿದ ತಡೆ ಹಾಗಲ್ಲ, ಟಣ್ ಎಂದು ನಿಲ್ಲುತ್ತದೆ, ಎಷ್ಟು ಹೊತ್ತು ಕಾದರೂ ಕದಲುವುದಿಲ್ಲ. ಅಂಥ ತಡೆ ಸಿಕ್ಕರೆ ಬಲ ಹಾಕದೆ ಬೆಲ್ಟ್ ತೆಗೆದು ಮೊದಲಿನಿಂದ ಮಾಡಿ.

ಎರಡು ಸುತ್ತಾದ ಮೇಲೆ ಮೂರೂ ಮಾರ್ಕ್ ಸರಿ ಇದ್ದರೆ ಬೇರಿಂಗಿನ ಬೋಲ್ಟ್ ಬಿಗಿಸಿ. ಇನ್ನೆರಡು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ.

ತಿರುಗಿಸಿದ ಮೇಲೆ ಬೆಲ್ಟ್ ಮೇಲಿನ ಬಿಳಿ ಗೆರೆ ಪುಲ್ಲಿ ಮಾರ್ಕಿಗೆ ಬರ್ತಾನೇ ಇಲ್ಲ!

ಬರಬೇಕಾಗಿಲ್ಲ. ಬೆಲ್ಟಿನ ಮೇಲಿನ ಗೆರೆಗಳು ಕೂರಿಸುವ ಹೊತ್ತಿನ ಅನುಕೂಲಕ್ಕಷ್ಟೇ. ಬೆಲ್ಟಿನ ಹಲ್ಲುಗಳ ಸಂಖ್ಯೆ ಪುಲ್ಲಿಗಳ ಹಲ್ಲುಗಳ ಸಂಖ್ಯೆಗೆ ಸಮನಾಗಿ ಭಾಗವಾಗದ ಕಾರಣ ಗೆರೆಗಳು ಪ್ರತಿ ಸುತ್ತಿಗೂ ಮುಂದೆ ಸರಿಯುತ್ತವೆ. ನೋಡಬೇಕಾದ್ದು ಪುಲ್ಲಿ ಮತ್ತು ಎಂಜಿನ್ ಮೈಮೇಲಿನ ಮಾರ್ಕ್ ಮಾತ್ರ.

## ಆಮೇಲಿನ ತೊಂದರೆಗಳು

ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ, ಬಿಳಿ ಹೊಗೆ ಬರುತ್ತೆ. ಮೊದಲು ಹೀಗಿರಲಿಲ್ಲ.

ಪಂಪ್ ಪುಲ್ಲಿ ಒಂದು ಹಲ್ಲು ಹಿಂದೆ ಉಳಿದಿದೆ ಎಂದು ಮೊದಲು ಅನುಮಾನಿಸಿ. ಒಂದು ಹಲ್ಲು ಸಣ್ಣದಲ್ಲ: ಕ್ರ್ಯಾಂಕ್ ಪುಲ್ಲಿಗೆ 24 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪು ಕ್ರ್ಯಾಂಕಿನ 15 ಡಿಗ್ರಿ. ಡೀಸೆಲ್ ತಡವಾಗಿ ಬಿದ್ದರೆ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ, ಕಣ್ಣುರಿಸುವ ಹಸಿ ಡೀಸೆಲ್ ವಾಸನೆಯಾಗಿ ಬರುತ್ತದೆ. ಬೇಗ ಬಿದ್ದರೆ ಎಂಜಿನ್ ಕಟಕಟ ಎಂದು ಜೋರಾಗಿ ಬಡಿಯುತ್ತದೆ. ಕ್ಯಾಮ್ ಹಲ್ಲು ತಪ್ಪಿದ್ದರೆ ಏರಿನಲ್ಲಿ ಎಳೆತವೇ ಇರುವುದಿಲ್ಲ, ಓಡಿಸಿದರೆ ವಾಲ್ವಿಗೆ ಅಪಾಯ. ಪಂಪ್ ತಿರುಗಿಸಿ ಹೊಂದಿಸಲು ಹೋಗುವ ಮುನ್ನ ಕವರ್ ತೆಗೆದು ಮಾರ್ಕ್ ನೋಡಿ. ಮಾರ್ಕ್ ಸರಿ ಇದ್ದರೆ ಹೀಟರ್ ಪ್ಲಗ್‌ಗಳ ವೈರ್ ವಾಪಸ್ ಕೂರಿಸಿದ್ದೀರಾ ನೋಡಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಒಂದು ಪ್ಲಗ್ ಸಾಲದಿದ್ದರೂ ಇದೇ ಲಕ್ಷಣ.

ಹೊಸ ಬೆಲ್ಟ್ ಹಾಕಿದ ಮೇಲೆ ಗುಂಯ್ ಅಂತ ಶಬ್ದ.

ವೇಗ ಏರಿದಂತೆ ಏರುವ ಗುಂಯ್‌ಗುಡುವಿಕೆ ಬೆಲ್ಟ್ ಅತಿ ಬಿಗಿಯಾದ ಲಕ್ಷಣ, ಬೇರಿಂಗ್ ಬೇಗ ಹೋಗುತ್ತದೆ. ಪಟಪಟ ಎಂದು ಕವರಿಗೆ ಬಡಿದರೆ ಸಡಿಲ. ಸರಸರ ಉಜ್ಜುವ ಶಬ್ದವಾದರೆ ಕವರ್ ಅಥವಾ ತಗಡು ಸರಿಯಾಗಿ ಕೂತಿಲ್ಲ. ಮೂರರಲ್ಲಿ ಯಾವುದೂ ತಾನಾಗಿ ಸರಿಹೋಗುವುದಿಲ್ಲ.

ಹೊಸ ಬೆಲ್ಟ್ ಆರು ತಿಂಗಳಿಗೇ ಎಣ್ಣೆ ಕುಡಿದು ಉಬ್ಬಿದೆ. ಬೆಲ್ಟ್ ಕಳಪೆಯಾ?

ಸೋರುವುದು ಎಲ್ಲಿಂದ ಎಂದು ಮೊದಲು ಹುಡುಕಿ. ಕಪ್ಪು ಜಿಗುಟು ಕೆಳಗಿದ್ದರೆ ಕ್ರ್ಯಾಂಕ್ ಸೀಲ್, ಮೇಲಿನಿಂದ ಇಳಿದಿದ್ದರೆ ಕ್ಯಾಮ್ ಸೀಲ್. ತೆಳ್ಳಗೆ, ಡೀಸೆಲ್ ವಾಸನೆ ಇದ್ದರೆ ಪಂಪಿನ ದಂಡದ ಸೀಲ್. ಹೊಸ ಸೀಲ್ ಹಾಕಿಯೂ ಸೋರುತ್ತಿದ್ದರೆ, ದಂಡದ ಮೇಲೆ ಹಳೆ ಸೀಲಿನ ತುಟಿ ಕೊರೆದ ಗೆರೆ ಉಗುರಿಗೆ ಸಿಗುತ್ತದೆಯೇ ನೋಡಿ. ಸಿಕ್ಕರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ, ತುಟಿ ಸಮತಟ್ಟಾದ ಜಾಗಕ್ಕೆ ಬರಬೇಕು. ಎಣ್ಣೆ ತಾಗಿದ ಬೆಲ್ಟನ್ನು ಒರೆಸಿ ಬಳಸುವಂತಿಲ್ಲ.

## ಇನ್ನೂ ಆಳಕ್ಕೆ

ಏರಿನಲ್ಲಿ ಗೇರ್ ಹಾಕಿ ನಿಲ್ಲಿಸ್ತೀವಿ. ಅದರಿಂದ ಬೆಲ್ಟಿಗೆ ತೊಂದರೆ ಇದೆಯಾ?

ಏರು ನೋಡುತ್ತಾ ಫಸ್ಟ್ ಗೇರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರಿದರೆ ಎಂಜಿನ್ ಉಲ್ಟಾ ತಿರುಗುತ್ತದೆ. ಆಗ ಬೆಲ್ಟಿನ ಬಿಗಿ ಕಡೆ ಸಡಿಲವಾಗಿ, ಹಿಗ್ಗಿದ ಹಳೆ ಬೆಲ್ಟ್ ಹಲ್ಲು ಹಾರಬಹುದು. ತೋಟದ ದಾರಿಯಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯ ಭಾರ ಕಲ್ಲಿನ ಮೇಲೆ ಕೂತ ನಂತರವೇ ಗೇರ್ ಹಾಕಿ.

ಪುಲ್ಲಿ ಬೋಲ್ಟ್ ಬಿಗಿ ಮಾಡಿದ್ರೂ ಮಾರ್ಕ್ ಸ್ವಲ್ಪ ಆಚೀಚೆ ಅಲುಗುತ್ತೆ. ಯಾಕೆ?

ಕ್ರ್ಯಾಂಕ್ ಮತ್ತು ಪುಲ್ಲಿಯ ನಡುವೆ, ಪುಲ್ಲಿ ಜಾರದಂತೆ ಹಿಡಿಯುವ ಲೋಹದ ಕೀಲಿ ಸವೆದಿದೆ. ಹಿಂದೆ ಯಾರೋ ಬೋಲ್ಟ್ ಸಡಿಲ ಬಿಟ್ಟಿದ್ದರಿಂದ ಪುಲ್ಲಿ ಅಲುಗಿ ಅಲುಗಿ ಕೀಲಿಯನ್ನೂ ಅದು ಕೂರುವ ಕಚ್ಚನ್ನೂ ತಿಂದಿರುತ್ತದೆ. ಕೀಲಿ ಮಾತ್ರ ಸವೆದಿದ್ದರೆ ಹೊಸದು ಹಾಕಿ. ಕ್ರ್ಯಾಂಕಿನ ಕಚ್ಚೇ ಅಗಲವಾಗಿದ್ದರೆ ಲೇತ್ ಕೆಲಸದವರಿಗೆ ತೋರಿಸಿ. ತಗಡಿನ ಚೂರು ತುರುಕಿ ಗಟ್ಟಿ ಮಾಡಿದ ಪುಲ್ಲಿ ಮತ್ತೆ ಸಡಿಲವಾಗುತ್ತದೆ, ಆಗ ಬೆಲ್ಟ್ ಹೊಸದಿದ್ದೂ ಟೈಮಿಂಗ್ ತಪ್ಪುತ್ತದೆ.

ಬೆಲ್ಟ್ ಕಟ್ಟಾಗಿರೋ ಗಾಡಿ ಕಡಿಮೆಗೆ ಸಿಗ್ತಿದೆ. ಹೆಡ್ ಬಿಚ್ಚದೆ ವಾಲ್ವ್ ಬಾಗಿದೆಯಾ ಅಂತ ನೋಡಬಹುದಾ?

ಬಹುಮಟ್ಟಿಗೆ ಗೊತ್ತಾಗುತ್ತದೆ. ಹೀಟರ್ ಪ್ಲಗ್‌ಗಳನ್ನು ತೆಗೆದು, ಕ್ರ್ಯಾಂಕನ್ನು ಮಾರ್ಕಿನಿಂದ ಕಾಲು ಸುತ್ತು ಆಚೆ ನಿಲ್ಲಿಸಿ, ಪಿಸ್ಟನ್‌ಗಳು ನಡುವಿಗೆ ಬರುತ್ತವೆ. ಕ್ಯಾಮನ್ನು ಮಾರ್ಕಿಗೆ ತನ್ನಿ, ಕ್ರ್ಯಾಂಕನ್ನು ಮಾರ್ಕಿಗೆ ವಾಪಸ್ ತನ್ನಿ, ಪಂಪ್ ಹೊಂದಿಸಿ ಬೆಲ್ಟ್ ಹಾಕಿ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ತಡೆಯಿಲ್ಲದಿದ್ದರೆ ಡೀಸೆಲ್‌ಗೆಂದೇ ಇರುವ ಕಂಪ್ರೆಷನ್ ಗೇಜಿನಿಂದ ನಾಲ್ಕೂ ಸಿಲಿಂಡರ್ ಅಳೆಯಿರಿ. ಪೆಟ್ರೋಲ್ ಗೇಜ್ ಈ ಒತ್ತಡಕ್ಕೆ ಒಡೆಯುತ್ತದೆ. ಒಂದು ಸಿಲಿಂಡರಿನಲ್ಲಿ ಒತ್ತಡವೇ ಇಲ್ಲದಿದ್ದರೆ ಅಲ್ಲಿ ವಾಲ್ವ್ ಬಾಗಿದೆ. ನಾಲ್ಕೂ ಚೆನ್ನಾಗಿದ್ದರೂ ಟಪೆಟ್ ಕವರ್ ತೆಗೆದು ಪ್ರತಿ ವಾಲ್ವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. ಉಳಿದವುಗಳಿಗಿಂತ ಒಂದು ಮಾತ್ರ ತುಂಬ ಹೆಚ್ಚಿದ್ದರೆ ಅದಕ್ಕೆ ಪೆಟ್ಟು ಬಿದ್ದಿದೆ. ಬೆಲೆ ಮಾತಾಡುವಾಗ ಮಾತ್ರ ಹೆಡ್ ಕೆಲಸ ಇದೆ ಎಂದೇ ಲೆಕ್ಕ ಹಾಕಿ.

ಪಂಪ್ ರಿಪೇರಿಗೆ ಬಿಚ್ಚಿದ್ವಿ. ಮಾರ್ಕ್ ಸೇರಿಸಿ ಹಾಕಿದ್ರೆ ಟೈಮಿಂಗ್ ಸರಿಯಾಗುತ್ತಲ್ವಾ?

ಪಂಪನ್ನು ಅದರ ಕುರ್ಚಿಯಿಂದ ಸಡಿಲಿಸದೆ ಬೆಲ್ಟ್ ಮಾತ್ರ ಬದಲಿಸಿದ್ದರೆ ಮಾರ್ಕ್ ಸಾಕು. ಬಿಚ್ಚಿದ್ದರೆ ಸಾಲದು. ಪಂಪ್ ಕೂರುವ ಬೋಲ್ಟ್‌ಗಳ ಜಾಗ ಉದ್ದ ಸೀಳಾಗಿದ್ದು, ಪಂಪಿನ ಮೈಯನ್ನು ಸ್ವಲ್ಪ ಆಚೀಚೆ ತಿರುಗಿಸಬಹುದು. ಆ ಸ್ವಲ್ಪದಲ್ಲೇ ಹೊಗೆ, ಎಳೆತ, ಡೀಸೆಲ್ ಖರ್ಚು ಎಲ್ಲ ಇದೆ. ಬಿಚ್ಚುವ ಮೊದಲು ಪಂಪಿನ ಅಂಚಿಗೂ ಎಂಜಿನ್ನಿಗೂ ಸೇರಿಸಿ ಸೂಜಿಯಿಂದ ಗೀರು ಹಾಕಿಕೊಂಡಿದ್ದರೆ ಅಲ್ಲಿಗೆ ವಾಪಸ್ ಕೂರಿಸಿ ಗಾಡಿ ಹಾಸನಕ್ಕೋ ಚಿಕ್ಕಮಗಳೂರಿಗೋ ಓಡುವಂತೆ ಮಾಡಬಹುದು. ಖಚಿತವಾಗಿ ಹೊಂದಿಸಲು ಪಂಪಿನ ಹಿಂಭಾಗದ ನಡುವಿನ ಬೋಲ್ಟ್ ತೆಗೆದು, ಅಲ್ಲಿ ಡಯಲ್ ಗೇಜ್ ಕೂರಿಸಿ, ಕ್ರ್ಯಾಂಕ್ ಮಾರ್ಕಿಗೆ ಬಂದಾಗ ಒಳಗಿನ ಪ್ಲಂಜರ್ ಎಷ್ಟು ಮಿಲಿಮೀಟರ್ ಸರಿದಿದೆ ಎಂದು ಅಳೆಯಬೇಕು. ಆ ಅಂಕಿ ಎಂಜಿನ್ನಿಗೊಂದು, ಪಂಪಿಗೊಂದು. ಡೀಸೆಲ್ ಪಂಪ್ ಕೆಲಸದವರಲ್ಲಿ ಗೇಜೂ ಇರುತ್ತದೆ, ಅಂಕಿಯೂ ಇರುತ್ತದೆ. ಬೆಲ್ಟ್ ನೀವೇ ಹಾಕಿ, ಈ ಒಂದು ಅಳತೆಯನ್ನು ಅವರ ಕೈಲಿ ಮಾಡಿಸಿ.